ಭಾನುವಾರದ ಮಾತ್ರೆ

ತೋಳಿನಕ್ಕ ಒಂದು ಸಲ ಮಿಷನ್ ತುಳಿದರೆ ಇಡೀ ಊರಿನ ಅಂಗಿಗೆಲ್ಲ ತೋಳು ಕೂತುಬಿಡೋದು. ಸರಿ ಬಿಡಿ, ಅರ್ಧ ಸುಳ್ಳು. ಆದರೆ ಆ ಗಾರ್ಮೆಂಟ್ಸಲ್ಲಿ ಅವಳಷ್ಟು ಬೇಗ ತೋಳು ಹೊಲಿಯೋರು ಇರಲಿಲ್ಲ. ಹೆಸರು ಬಂದಿದ್ದೇ ಹಾಗೆ.

ಈಚೆಗೆ ಅವಳ ಕಾಲು ಕುಂಬಳಕಾಯಿ ಆಗಿತ್ತು. ಬೆರಳಲ್ಲಿ ಒತ್ತಿದರೆ ಹಳ್ಳ ಬೀಳೋದು, ಅದರಲ್ಲಿ ಟೀ ಹುಯ್ಕೊಂಡು ಕುಡೀಬಹುದಿತ್ತು. ಮಲಗಿದರೆ ಉಸಿರು ಕಟ್ಟೋದು. ಗೋಡೆಗೆ ಒರಗಿ ಕೂತೇ ನಿದ್ದೆ.

"ಹಾರ್ಟು ಸೋತಿದೆ ಕಣಮ್ಮ," ಅಂದ್ರು ಸರ್ಕಾರಿ ಆಸ್ಪತ್ರೆ ಡಾಕ್ಟ್ರಮ್ಮ. "ದಿನಾ ಬೆಳಗ್ಗೆ ಈ ಮಾತ್ರೆ ತಗೋ. ಮೈಯಲ್ಲಿ ನಿಂತ ನೀರೆಲ್ಲ ಉಚ್ಚೇಲಿ ಹೋಗುತ್ತೆ. ಬಿಟ್ಟರೆ ಜೀವಕ್ಕೇ ಬರುತ್ತೆ."

ಮಾತ್ರೆ ಪುಕ್ಕಟೆ. ಉಚ್ಚೆಗೆ ಹೋಗೋಕೆ ಸೂಪರ್‌ವೈಸರ್ ಅಪ್ಪಣೆ ಬೇಕು. ಇಡೀ ಸಾಲಿಗೆ ಒಂದೇ ಟೋಕನ್ನು, ಅದು ಅವನ ಕೊರಳಲ್ಲಿ.

"ಈಗ ತಾನೇ ಹೋಗ್‌ಬಂದ್ಯಲ್ಲ. ಹೊಟ್ಟೇಲಿ ಕೆರೆ ಇಟ್ಕೊಂಡಿದೀಯಾ?"

"ಕಾಲಲ್ಲಿದೆ ಸಾರ್."

ಸಾಲೆಲ್ಲ ನಕ್ಕಿತು. ಟೋಕನ್ ಸಿಗಲಿಲ್ಲ. ಅವತ್ತು ಸೀರೆ ಒದ್ದೆಯಾಯ್ತು.

ಆಮೇಲಿಂದ ಮಾತ್ರೆ ಭಾನುವಾರಕ್ಕೆ ಮೀಸಲು. ಹೋದ ವರ್ಷ ಇದೇ ಕಾಯಿಲೆ ಇದ್ದ ಕಾಜಾ ಹೊಲಿಯೋಳೂ ಇದೇ ಉಪಾಯ ಮಾಡಿದ್ದಳು. ಮಿಷನ್ ಮುಂದೆ ಕೂತಲ್ಲೇ ಜೀವ ಹೋಯ್ತು. "ಪಾಪ, ಅವಳ ಆಯಸ್ಸೇ ಅಷ್ಟು," ಅಂತ ಗಾರ್ಮೆಂಟ್ಸ್ ಯಜಮಾನ್ರು ಹೂವಿನ ಹಾರ ಕಳಿಸಿದ್ರು.

ಒಂದಿನ ಊಟದ ಹೊತ್ತಲ್ಲಿ ಕಸ ಗುಡಿಸೋ ಚಿಕ್ಕಮ್ಮ ತೋಳಿನಕ್ಕನ ಚೀಲದಲ್ಲಿ ಆ ಮಾತ್ರೆ ನೋಡಿದಳು.

"ಇದು ಯಜಮಾನ್ರ ಮೇಜಿನ ಮೇಲೂ ಇರುತ್ತೆ ಕಣೇ. ಅವರಿಗೂ ಹಾರ್ಟಿಂದೇ ಕಾಯಿಲೆ, ಎಷ್ಟೋ ವರ್ಷದಿಂದ. ದಿನಾ ನುಂಗ್ತಾರೆ."

"ಅವರ ಕಾಲು?"

"ಬಾಳೆದಿಂಡು. ರೂಮೊಳಗೇ ಬಾತ್‌ರೂಮು. ನಾನೇ ತೊಳೆಯೋದಲ್ವಾ."

ತೋಳಿನಕ್ಕ ಕೈಯಲ್ಲಿದ್ದ ತುತ್ತನ್ನ ಡಬ್ಬಿಗೆ ವಾಪಸ್ ಹಾಕಿದಳು.

"ಹಾಗಾದ್ರೆ ಕಾಜಾದವಳ ಆಯಸ್ಸು ಮುಗಿದಿರಲಿಲ್ಲ," ಅಂದಳು.

ಅಲ್ಲೇ ಒಂದು ಮಾತ್ರೆ ನುಂಗಿದಳು. ಗಂಟೆ ಹೊಡೀತು, ಮಿಷನ್ನೆಲ್ಲ ಶುರುವಾದವು. ಸ್ವಲ್ಪ ಹೊತ್ತಿಗೆ ಎದ್ದು ನಿಂತಳು.

"ಕೂತ್ಕೊಳೇ. ಟೋಕನ್ ಬೇರೆಯವರ ಹತ್ರ ಇದೆ," ಅಂದ ಸೂಪರ್‌ವೈಸರ್.

"ಇರಲಿ ಬಿಡಿ ಸಾರ್. ನಾನು ಯಜಮಾನ್ರ ಬಾತ್‌ರೂಮಿಗೆ ಹೊರಟೆ."

ಏದುಸಿರು ಬಿಡ್ತಾ, ಸಿಕ್ಕಿದ್ದು ಹಿಡ್ಕೊಂಡು ನಡೆದಳು. ಅವಳು ದಾಟಿದ ಮಿಷನ್ನೆಲ್ಲ ಒಂದೊಂದಾಗಿ ನಿಂತವು. ಹೊಲಿಯೋರು ಒಬ್ಬೊಬ್ಬರೇ ಎದ್ದು ಹಿಂದೆ ಬಂದರು.

ಯಜಮಾನ್ರು ಬಾಗಿಲಿಗೆ ಬಂದು ಅಡ್ಡ ನಿಂತರು. "ಏನಿದು ಸಂತೆ?"

"ಮಾತ್ರೆ ನುಂಗಿದೀನಿ ಯಜಮಾನ್ರೇ. ನೀವು ನುಂಗೋದೇ. ತಡ್ಕೊಳೋಕಾಗಲ್ಲ ಅಂತ ನಿಮಗೆ ನಾನು ಹೇಳಬೇಕಾ?"

ಅವಳ ಬೆನ್ನಿಗೆ ಇಡೀ ಸಾಲು. ಮಿಷನ್ನಿನ ಸದ್ದೇ ಇಲ್ಲ.

ಈಗ ನೀವೇ ಹೇಳಿ ನೋಡೋಣ, ಆ ಬಾಗಿಲಿಂದ ಮೊದಲು ಸರಿದೋರು ಯಾರು?