ಎರಡು ಪೆಟ್ಟಿಗೆಯ ಜೇನು

ಹೈದರಾಬಾದ ರಾಜ್ಯ ಒಡೆದು ಬೀದರ ಮೈಸೂರಿಗೆ ಸೇರಿದಾಗ, ಮರಾಠಿ ಬಲ್ಲ ಗುಮಾಸ್ತನೆಂದು ವೈಜಿನಾಥನನ್ನು ಬೇರೆ ರಾಜ್ಯದ ಪಾಲಾದ ಔರಂಗಾಬಾದಿಗೆ ಹಾಕಿದರು. ಅವನ ಹೆಂಡತಿ ಕೌಸಲ್ಯಾಬಾಯಿ ಹಾಸಿಗೆ ಹಿಡಿದ ಅತ್ತೆಯೊಂದಿಗೆ ಬೀದರ ಕಡೆಯ ತಮ್ಮೂರು ಚಿಂತಾಕಿಯಲ್ಲೇ ಉಳಿದಳು. ಹೊಲದ ಬದುವಿನಲ್ಲಿ ಅವನಿಟ್ಟ ಎರಡು ಜೇನುಪೆಟ್ಟಿಗೆಗಳಿದ್ದವು. “ಒಂದು ನಂದು, ಒಂದು ನಿಂದು” ಎಂದು ನಕ್ಕು ಹೋಗಿದ್ದ.

ವರ್ಷ ಕಳೆಯಿತು. ಎರಡರಲ್ಲೂ ಬೆರಳು ಅದ್ದುವಷ್ಟು ಜೇನುತುಪ್ಪವಿಲ್ಲ. ಜೇನು ಸಾಕಣೆ ಕಲಿಸಲು ಬೀದರಿನಿಂದ ಬರುತ್ತಿದ್ದ ಮುಜೀಬೋದ್ದೀನ ಮಾಸ್ತರರು ಮುಚ್ಚಳ ತೆಗೆದು ನೋಡಿದರು.

“ಬಾಯಿ, ಹುಳ ಭಾಳ ಕಮ್ಮಿ ಅವರಿ. ಮರಿ ಸಾಕಾದು, ಗೂಡು ಬೆಚ್ಚಗ ಇಡಾದು, ಇದ್ರಾಗೇ ಎಲ್ಲಾ ಹುಳ ಖರ್ಚಾಗ್ತಾವ. ಹೂವಿಗಿ ಹೋಗಾವ್ರು ಯಾರ್ರಿ? ಎರಡೂ ಕೂಡಸ್ರಿ. ಎರಡು ಸಣ್ಣ ಗೂಡು ಕೊಡಲಾರದ್ದು ಒಂದು ದೊಡ್ಡ ಗೂಡು ಕೊಡ್ತದ.”

“ಹಂಗ ಮಾಡಿದ್ರ ಅವರ ಪೆಟ್ಟಿಗಿ ಯಾವುದು ಅಂತ ಹ್ಯಾಂಗ ಹೇಳ್ಲಿರಿ?”

ಮಾಸ್ತರರು ಮುಚ್ಚಳ ಹಾಕಿ ಹೊರಟರು. ಅವಳು ಎರಡು ವಾರ ಯೋಚಿಸಿ, ಆಯಿತೆಂದು ಹೇಳಿ ಕಳಿಸಿದಳು.

ಒಂದು ಗೂಡಿಗೆ ಒಂದೇ ರಾಣಿ; ವೈಜಿನಾಥನ ಪೆಟ್ಟಿಗೆಯದು ಮುದಿಯಾಗಿತ್ತು. ಮಾಸ್ತರರು ಅದನ್ನು ಹಿಡಿದು ತೆಗೆಯುವಾಗ ಕೌಸಲ್ಯಾಬಾಯಿ ಮುಖ ತಿರುಗಿಸಿಕೊಂಡಳು. ಹುಳಗಳೆಲ್ಲ ಮನೆ ಸೇರಿದ ಮುಸ್ಸಂಜೆ ಒಂದರ ಮೇಲೊಂದು ಪೆಟ್ಟಿಗೆ ಏರಿಸಿ, ನಡುವೆ ಸೂಜಿಯಿಂದ ಚುಚ್ಚಿದ ಪತ್ರಿಕೆಯ ಹಾಳೆ ಹಾಸಿದರು. ವಾಸನೆ ಬೆರೆಯುವ ಮೊದಲೇ ಭೇಟಿಯಾದರೆ ಕಾದಾಡುತ್ತವಂತೆ. ಮೂರನೆಯ ದಿನ ಪೆಟ್ಟಿಗೆಯ ಬಾಗಿಲಲ್ಲಿ ಹುಳ ಕಡಿದ ಕಾಗದದ ಚೂರುಗಳು ಬಿದ್ದಿದ್ದವು. ಒಳಗೆ ಜಗಳವಿರಲಿಲ್ಲ.

ಕುಸುಬಿ ಹೂಬಿಟ್ಟಾಗ ಪೆಟ್ಟಿಗೆ ಮೊರೆಯತೊಡಗಿತು. ಆ ಸಲ ನಾಲ್ಕು ಸೇರು ತುಪ್ಪ ಇಳಿಯಿತು. ಒಂದು ಬಾಟಲಿ ತುಂಬಿಕೊಂಡು ಅವಳು ಹತ್ತಿರದ ಔರಾದಿನಿಂದ ಬಸ್ಸು ಹಿಡಿದು ಭಾಲ್ಕಿ ಸ್ಟೇಷನ್ನಿಗೆ ಹೋದಳು. ಔರಂಗಾಬಾದಿಗೆ ಹೊರಟಿದ್ದ ಊರಿನ ಮಕ್ಬೂಲ ರೈಲಿನ ಕಿಟಕಿಯಿಂದ ಕೈ ಚಾಚಿ ಇಸಿದುಕೊಂಡ.

“ಮತ್ತೇನರೆ ಹೇಳಾದು ಅದ ಏನ್ರಿ, ವೈನಿ?”

ಹೇಳುವುದು ಬೇಕಾದಷ್ಟಿತ್ತು. “ಆರಾಮ ಇದ್ದೀವಿ ಅನ್ರಿ” ಎಂದಳು. ಗಾಡಿ ಹೊರಟಿತು. ಹೊಗೆ ಕರಗುವವರೆಗೂ ಅಲ್ಲೇ ನಿಂತಿದ್ದಳು.

ತಿಂಗಳಾದ ಮೇಲೆ ವೈಜಿನಾಥನ ಕಾಗದ ಬಂತು. ಅರ್ಧ ಬಾಟಲಿ ತಿಂದೆ, ಉಳಿದದ್ದನ್ನು ಮುಟ್ಟಲು ಮನಸ್ಸಾಗುತ್ತಿಲ್ಲ, ಮುಚ್ಚಳ ತೆಗೆದರೆ ನಮ್ಮ ಹೊಲವೇ ಮೂಗಿಗೆ ಬರುತ್ತದೆ ಎಂದು ಬರೆದಿದ್ದ. ಬೀದರಿಗೆ ವರ್ಗ ಕೇಳಿದ ಅರ್ಜಿ ಎರಡು ಸರ್ಕಾರಗಳ ನಡುವೆ ಎಲ್ಲೋ ಇದೆಯಂತೆ.

“ಏನು ಬರದಾನ? ಬರ್ತಾನಂತೇನ?” ಎಂದು ಅತ್ತೆ ಮಲಗಿದಲ್ಲಿಂದಲೇ ಕೇಳಿದಳು.

ಕೌಸಲ್ಯಾಬಾಯಿ ಕಾಗದ ಮಡಚಿದಳು.

“ಬರ್ತಾರಂತ್ರಿ, ಅತ್ತಿ.”