ಬಿಸಿಲಿನ ಬದಿ

ಆ ಪರದೇಶದ ಚಳಿಗಾಲದಲ್ಲಿ, ಕಟ್ಟಡಗಳ ನಕ್ಷೆ ಮಾಡುವ ನಮ್ಮ ಆಫೀಸಿನೊಳಗೆ ಒಂದು ಪಟ್ಟಿಯಷ್ಟೇ ಬಿಸಿಲು ಬರುತ್ತಿತ್ತು. ಅದು ನೆಲದ ಮೇಲೆ ಸರಿದಂತೆಲ್ಲ ಆ ದೇಶದವರು ತಮ್ಮ ಕುರ್ಚಿಗಳನ್ನು ಅದರೊಳಕ್ಕೆ ಎಳೆದುಕೊಳ್ಳುತ್ತಿದ್ದರು. ಶಿವಲೀಲಾ ಮಾತ್ರ ತನ್ನ ಕುರ್ಚಿಯನ್ನು ಹಿಂದಕ್ಕೆ ತಳ್ಳುತ್ತಿದ್ದಳು. ಬಯಲುಸೀಮೆಯ ಮೈ, ಬಿಸಿಲು ಕಂಡರೆ ತಾನಾಗಿಯೇ ಸರಿಯುತ್ತಿತ್ತು. ನಾನೂ ಅದೇ ಕಡೆಯವಳು. ಅಲ್ಲಿ ರಟ್ಟಿನಲ್ಲಿ ಕಟ್ಟಡಗಳ ಮಾದರಿ ಮಾಡುತ್ತಿದ್ದೆ. "ಇಲ್ಲಿ ಸೂರ್ಯ ಕಡಿಯೂದಿಲ್ಲ, ಹೆದರಬ್ಯಾಡ" ಎಂದು ಅವಳನ್ನು ಕಾಡಿಸುತ್ತಿದ್ದೆ.

ಊರಲ್ಲಿ ಅವಳು ಆರ್ಕಿಟೆಕ್ಟ್. ಒಂದು ಶಾಲೆ ಕಟ್ಟಿಸಿ ಹೆಸರು ಮಾಡಿದ್ದಳು. ಸ್ನಾತಕೋತ್ತರ ಓದಿಗೆ ಬಂದ ದೇಶದಲ್ಲಾದರೋ ಲೈಸೆನ್ಸ್ ಇಲ್ಲದವರು ತಾವು ಆರ್ಕಿಟೆಕ್ಟ್ ಎಂದು ಹೇಳಿಕೊಳ್ಳುವುದೇ ಅಪರಾಧ. ಪದವಿ ಮುಗಿದ ಮೇಲೂ ಲೈಸೆನ್ಸ್ ಇದ್ದವರ ಕೈಕೆಳಗೆ ವರ್ಷಗಟ್ಟಲೆ ದುಡಿಯಬೇಕು, ಪರೀಕ್ಷೆಗಳನ್ನು ದಾಟಬೇಕು, ಕೊನೆಗೆ ಲೈಸೆನ್ಸ್ ಕೊಡುವ ಮಂಡಳಿಯ ಮುಂದೆ ಕುಳಿತು ತನ್ನ ಕೆಲಸದ ಬಗ್ಗೆ ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು. ಅಲ್ಲಿಯವರೆಗೆ ಅವಳ ನಕ್ಷೆಗೆ ಇನ್ನೊಬ್ಬರ ಮೊಹರು.

"ಇಲ್ಲಿ ನಾ ಆರ್ಕಿಟೆಕ್ಟ್ ಅಲ್ಲಂತ ಅವ್ವಗ ಇನ್ನೂ ಹೇಳಿಲ್ಲಕ್ಕಾ" ಎಂದಿದ್ದಳೊಮ್ಮೆ. ನಗುತ್ತಲೇ ಹೇಳಿದ್ದಳು.

ಮೊಹರು ಹಾಕುತ್ತಿದ್ದವರು ಆಫೀಸಿನ ಯಜಮಾನರಾದ ದೇಸಾಯರು. ಅವರೂ ನಮ್ಮ ಕಡೆಯವರೇ. ದೀರ್ಘ ಕಾಯಿಲೆಯವರಿಗಾಗಿ ಒಂದು ಆರೈಕೆ ಮನೆ ಕಟ್ಟುವ ಕೆಲಸ ಬಂದಾಗ ಅದನ್ನು ಪೂರ್ತಿ ಶಿವಲೀಲಾಳಿಗೇ ಬಿಟ್ಟರು. ನಕ್ಷೆ ನೋಡಿ, "ಎಷ್ಟು ತಂಪಾಗಿ ಕೂತದ ನೋಡು" ಎಂದು ಮೆಚ್ಚಿಕೊಂಡು ಮೊಹರು ಒತ್ತಿದರು. ಬೇಸಗೆಯಲ್ಲಿ ಮನೆ ತೆರೆಯಿತು. ಎಲ್ಲರೂ ಹೊಗಳಿದರು.

ಚಳಿ ಬಿದ್ದ ಮೇಲೆ ಅವಳೂ ನಾನೂ ನೋಡಲು ಹೋದೆವು. ಕೋಣೆಗಳು ಖಾಲಿ. ರೋಗಿಗಳೆಲ್ಲ ಕಂಬಳಿ ಹೊದ್ದು ಮೆಟ್ಟಿಲ ಬುಡದಲ್ಲಿ ಒತ್ತೊತ್ತಾಗಿ ಕುಳಿತಿದ್ದರು. ಮೆಟ್ಟಿಲ ಮೇಲಿನ ಸಣ್ಣ ಗವಾಕ್ಷಿಯಿಂದ ಅವರ ಮೇಲೆ ಒಂದು ಪಟ್ಟಿ ಬಿಸಿಲು ಬಿದ್ದಿತ್ತು.

"ಕೋಣೆಗೆ ಸೂರ್ಯ ಬರುವುದೇ ಇಲ್ಲ ಮಗಳೇ" ಎಂದಳು ಮಾರ್ತಾ ಎಂಬ ಮುದುಕಿ.

ಶಿವಲೀಲಾಳ ಮುಖ ಕಪ್ಪಿಟ್ಟಿತು. ಬಿಸಿಲಿನ ಬದಿಗೆ ಉಗ್ರಾಣ, ಮೆಟ್ಟಿಲು. ಅವುಗಳ ಮರೆಯಲ್ಲಿ ಮಲಗುವ ಕೋಣೆ. ನಮ್ಮ ಕಡೆ ಹೀಗೆ ಕಟ್ಟಿದರೇ ಮನುಷ್ಯರು ಬದುಕುವುದು. ಛಾವಣಿಯ ಮೇಲೆ ಬೀಳುವ ಹಿಮದ ಭಾರದ ಲೆಕ್ಕವನ್ನೆಲ್ಲ ಓದಿ ಕಲಿತಿದ್ದಳು, ಆದರೆ ಮೈಗೂಡಿದ್ದು ಊರಿನ ಬಿಸಿಲು. ದೇಸಾಯರ ಕಣ್ಣಿಗೂ ಅದೇ ಸರಿ ಕಂಡಿತ್ತು.

ಮಂಡಳಿಯ ಸಂದರ್ಶನ ಹತ್ತಿರವಾಗಿತ್ತು. "ಮೊಹರು ನಂದು, ತಪ್ಪೂ ನಂದು. ನೀ ಅಲ್ಲಿ ಇದರ ಸುದ್ದಿ ಎತ್ತಬ್ಯಾಡ" ಎಂದರು ದೇಸಾಯರು. "ಆ ಮನಿ ಮಾಲಕರು ಹೆಂಗೂ ಕಟ್ಟಿದ್ದನ್ನ ಮುಟ್ಟಾಕ ಒಪ್ಪೂದಿಲ್ಲ. ನಿನ್ನ ಲೈಸೆನ್ಸ್ ಯಾಕ ಕಳಕೋತಿ?"

"ಗೆರಿ ಎಳದಾಕಿ ನಾನು, ಸರ್."

ಮಂಡಳಿಯ ಮುಂದೆ ಅವಳು ಎಲ್ಲ ಹೇಳಿಬಿಟ್ಟಳು. ಇಷ್ಟು ಓದಿಯೂ ಹೇಗೆ ತಪ್ಪಿದಿರಿ ಎಂದು ಒಬ್ಬರು ಕೇಳಿದರಂತೆ. "ನನಗೆ ಗೊತ್ತಿದ್ದದ್ದು ಬೇರೆ ಸೂರ್ಯ" ಎಂದಳಂತೆ. ಲೈಸೆನ್ಸ್ ಮುಂದಿನ ವರ್ಷಕ್ಕೆ ಹೋಯಿತು. ದೇಸಾಯರಿಗೆ ಎಚ್ಚರಿಕೆ ಸಿಕ್ಕಿತು, ಆರೈಕೆ ಮನೆಯನ್ನು ಸರಿಪಡಿಸಬೇಕೆಂಬ ಆದೇಶವೂ ಬಂತು.

ನನಗೆ ಸಿಟ್ಟು ತಡೆಯಲಾಗಲಿಲ್ಲ. "ಬಾಯಿ ಮುಚ್ಚಿಕೊಂಡಿದ್ರ ಏನಾಗತಿತ್ತು?"

"ಆ ಮುದುಕಿ ಮೆಟ್ಟಲ ಬುಡಕ್ಕಽ ಕೂತಿರತಿದ್ದಳು, ಅಕ್ಕಾ."

ದೇಸಾಯರು ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಹಳೆಯ ನಕ್ಷೆಯನ್ನು ತಂದು ಅವಳ ಮೇಜಿನ ಮೇಲೆ ಹಾಸಿ, "ನೀನಽ ತಿದ್ದು" ಎಂದರು. ಉಗ್ರಾಣಗಳು ನೆರಳಿನ ಬದಿಗೆ ಹೋದವು. ಅವು ಮೊದಲಿದ್ದ ಕಡೆಯ ಗೋಡೆ ಒಡೆದು ದೊಡ್ಡ ಕಿಟಕಿ ಇಟ್ಟರು, ಮಂಚಗಳು ಅಲ್ಲಿಗೆ ಬಂದವು.

ಕೆಲಸ ಮುಗಿದ ಮೇಲೆ ಮತ್ತೆ ಹೋದೆವು. ಮಾರ್ತಾ ತನ್ನ ಹೊಸ ಕೋಣೆಯಲ್ಲಿದ್ದಳು.

"ಆರ್ಕಿಟೆಕ್ಟ್ ನೀನೇ ಏನು?"

"ಇನ್ನೂ ಅಲ್ಲ" ಎಂದಳು ಶಿವಲೀಲಾ. "ಮೊದಲು ನಿಮ್ಮನ್ನು ಕತ್ತಲೆಗೆ ಹಾಕಿದವಳು ನಾನೇ."

ಮುದುಕಿ ಕಿಟಕಿಯ ಪಕ್ಕದ ಕುರ್ಚಿ ತೋರಿಸಿ, "ಕೂತುಕೋ" ಎಂದಳು. ಶಿವಲೀಲಾ ಕುಳಿತಳು. ಬಿಸಿಲು ಅವಳ ಪಾದ ದಾಟಿತು, ನಿಧಾನವಾಗಿ ಮಡಿಲಿಗೆ ಏರಿತು. ಅವಳು ಕುರ್ಚಿ ಸರಿಸಲಿಲ್ಲ.