ಅರ್ಧ ಮೇಜು

ಮುಚ್ಚಳದ ಹಲಗೆಯನ್ನು ಶವಪೆಟ್ಟಿಗೆಯ ಮೇಲಿಟ್ಟು ನೋಡಿದ ಮುದುಕ ಬಡಗಿ ಲೊಚಗುಟ್ಟಿದ. ಕಾಲಿನ ಕಡೆ ಒಂದು ಗೇಣು ಕಡಿಮೆ.

"ಊರವರಿಗೆಲ್ಲ ಪೆಟ್ಟಿಗೆ ಮಾಡಿಕೊಟ್ಟ. ತನ್ನ ಅಳತೆ ಮಾತ್ರ ಬರೆದಿಡ್ಲಿಲ್ಲ ನೋಡು, ಆಸಾಮಿ," ಎಂದ. ಸತ್ತವನ ಜೊತೆ ಮೂವತ್ತು ವರ್ಷ ಗರಗಸ ಎಳೆದವನು ಅವನು. ಅಂಗಳದಲ್ಲಿ ಕುಳಿತಿದ್ದವರು ಸಣ್ಣಗೆ ನಕ್ಕರು.

ಆಗಲೇ ಸತ್ತವನ ದೊಡ್ಡ ಮಗಳು ಗೇಟು ತಳ್ಳಿಕೊಂಡು ಒಳಗೆ ಬಂದಳು. ಇಪ್ಪತ್ತೆರಡು ವರ್ಷದ ಮೇಲೆ. ನಗು ನಿಂತಿತು.

ಸೋದರತ್ತೆ ಎದ್ದು ಬಂದು ಅವಳ ಕೈ ಹಿಡಿದಳು. "ಬಂದ್ಯಲ್ಲ, ಸಾಕು. ಜನರೆದುರಿಗೆ ನಿಮ್ಮಪ್ಪನ ಬಗ್ಗೆ ಒಂದು ಒಳ್ಳೇ ಮಾತು ಆಡು."

"ಆಡೋಕೆ ಏನಿದೆ ಅತ್ತೆ?"

"ಅವನ ಕೈಕೆಲಸ ನೋಡಿಲ್ವೇನೆ? ಗರಗಸ ಇಟ್ರೆ ಕೂದಲೆಳೆಯಷ್ಟೂ ಸೊಟ್ಟ ಹೋಗ್ತಿರ್ಲಿಲ್ಲ."

"ಅದು ಗೊತ್ತು. ಆ ಕಡೆ ತುದಿ ಹಿಡ್ಕೊಂಡಿದ್ದವಳು ನಾನೇ ಅಲ್ವಾ."

*

ಅಂದು ಅಪ್ಪ-ಅಮ್ಮನ ವಿಚ್ಛೇದನ ಕೋರ್ಟಿನಲ್ಲಿ ಮುಗಿದ ಮರುದಿನ. ಅಕ್ಕ ಎಂಟನೇ ಕ್ಲಾಸು, ತಂಗಿ ಐದನೆಯದು. ದೊಡ್ಡವಳು ಅಮ್ಮನಿಗೆ, ಚಿಕ್ಕವಳು ಅಪ್ಪನಿಗೆ ಎಂದು ತೀರ್ಮಾನವಾಗಿತ್ತು. ಪಾತ್ರೆ, ಹಾಸಿಗೆ ಎಲ್ಲ ಹಂಚಿದ ಮೇಲೆ ಉಳಿದದ್ದು ಇಬ್ಬರೂ ಓದಲು ಕೂರುತ್ತಿದ್ದ ಉದ್ದನೆಯ ಮೇಜು. ಅಪ್ಪನೇ ಮಾಡಿಕೊಟ್ಟದ್ದು.

"ಮೇಜು ನನ್ನ ಮಗಳಿಗೆ ಬೇಕು," ಎಂದಳು ಅಮ್ಮ, ಹಟಕ್ಕೆ.

ಅಪ್ಪ ಕಿವಿಯ ಮೇಲಿಂದ ಪೆನ್ಸಿಲ್ ತೆಗೆದು ನಡುವೆ ಗೆರೆ ಎಳೆದ.

"ಒಂದೊಂದು ತುದಿ ಹಿಡ್ಕೊಳ್ರೇ. ಅಲ್ಲಾಡಿಸ್ಬೇಡಿ, ಸೀಳು ಬಿಡುತ್ತೆ."

ಗರಗಸ ಹೋಗಿ ಬಂದಾಗಲೆಲ್ಲ ಹಲ್ಲು ಜುಮ್ಮೆನ್ನುತ್ತಿತ್ತು. ತಂಗಿ ಬಿಕ್ಕುತ್ತಿದ್ದಳು, ಆದರೂ ತುದಿ ಅಲ್ಲಾಡಿಸಲಿಲ್ಲ.

ಎರಡು ಕಾಲಿನ ಮೇಜು ನಿಲ್ಲುವುದುಂಟೇ? ಅಮ್ಮನ ಬಾಡಿಗೆ ಕೋಣೆಯಲ್ಲಿ ಅಕ್ಕ ಅದನ್ನು ಕಿಟಕಿಗೆ ಒರಗಿಸಿ, ಮೊಣಕಾಲಲ್ಲಿ ತಡೆದು ಹಿಡಿದು ಬರೆದಳು. ತಂಗಿ ಶಾಲೆಯಲ್ಲಿ ಕಾಣದಾದಾಗ ಅಮ್ಮ ಅಂದಳು: "ದೊಡ್ಡ ಸ್ಕೂಲಿಗೆ ಹಾಕಿದಾನಂತೆ, ಮುದ್ದಿನ ಮಗಳಲ್ವಾ. ಆ ಕಡೆ ತಲೆ ಹಾಕಿದ್ಯೋ, ಮತ್ತೆ ಈ ಮನೆಗೆ ಬರಬೇಡ." ತಂಗಿಯ ಅರ್ಧಕ್ಕೆ ಅಪ್ಪ ಅಂದೇ ಸಂಜೆ ಹೊಸ ಕಾಲು ಹಾಕಿಕೊಟ್ಟಿರುತ್ತಾನೆ ಎಂದುಕೊಂಡಳು ಅಕ್ಕ. ಕಾಣದ ಆ ಎರಡು ಕಾಲುಗಳ ಮೇಲಿನ ಸಿಟ್ಟನ್ನು ಇಷ್ಟು ವರ್ಷ ಸಾಕಿಕೊಂಡು ಬಂದಿದ್ದಳು.

*

"ಅಡುಗೆಮನೇಲಿ ಒಂದು ಹಲಗೆ ಇದೆ, ತನ್ನಿ," ಎಂದ ಮುದುಕ. "ಮರದಂಗಡಿಗೆ ಇವತ್ತು ಬೀಗ."

ಅವಳೇ ಒಳಗೆ ಹೋದಳು. ತಂಗಿ ನೆಲದಲ್ಲಿ ಕುಳಿತು ಬಂದವರಿಗೆಂದು ಈರುಳ್ಳಿ ಹೆಚ್ಚುತ್ತಿದ್ದಳು. ನಾಲ್ಕು ಇಟ್ಟಿಗೆಯ ಮೇಲೆ ಹಲಗೆ. ಅದರ ಒಂದು ಅಂಚು ನೆಟ್ಟಗೆ ಕೊಯ್ದದ್ದು. ಮೇಲೆಲ್ಲ ಚಾಕುವಿನ ಗೆರೆ, ಒಂದರ ಮೇಲೊಂದು, ನಡುವೆ ತಗ್ಗು ಬೀಳುವಷ್ಟು.

"ಇದಕ್ಕೆ ಕಾಲು?"

"ಇದ್ದ ಎರಡನ್ನೂ ಕಿತ್ತು ಯಾರದೋ ಸ್ಟೂಲಿಗೆ ಹಾಕ್ಬಿಟ್ಟ." ತಂಗಿ ತಲೆಯೆತ್ತಲಿಲ್ಲ. "ಓದೋರು ಯಾರಿದ್ರು ಅಕ್ಕಾ? ಮುಂದಿನ ವಾರವೇ ಸ್ಕೂಲು ಬಿಡಿಸಿದ. ಬೇಯಿಸಿ ಹಾಕೋರು ಬೇಕಲ್ಲ. ನೀನು ಓದಿ ಮೇಡಂ ಆಗಿದೀಯ, ನಮ್ಮ ನೆನಪೇ ಇಲ್ಲ ನಿನಗೆ ಅಂತಿದ್ದ."

"ಔಷಧಿ ಅಂಗಡೀಲಿ ಕಸ ಗುಡಿಸೋ ಮೇಡಂ ಕಣೇ ನಾನು. ಹತ್ತನೇ ಕ್ಲಾಸು ಎರಡು ಸಲ ಡುಮ್ಕಿ."

ತಂಗಿಯ ಚಾಕು ನಿಂತಿತು. ಹೊರಗಿನಿಂದ ಅತ್ತೆ ಕೂಗಿದಳು: "ಹಲಗೆ ಎಲ್ರೇ? ಹೊತ್ತಾಯ್ತು!"

ತಂಗಿ ಈರುಳ್ಳಿಯನ್ನು ಬಟ್ಟಲಿಗೆ ಸುರಿದು ಹಲಗೆ ಎತ್ತಿದಳು. "ತಗೊಂಡ್ಹೋಗ್ಲಿ ಬಿಡು. ಅವನ ಜೊತೆಗೇ ಹೋಗ್ಲಿ."

ಅಕ್ಕ ಇನ್ನೊಂದು ತುದಿಯನ್ನು ಗಟ್ಟಿಯಾಗಿ ಹಿಡಿದಳು. "ಇದನ್ನೂ ಅವನಿಗೇ ಕೊಡ್ತೀಯಾ?"

ಮುದುಕ ಸುತ್ತಿಗೆ ಹಿಡಿದು ಬಾಗಿಲಿಗೆ ಬಂದ. "ಏನ್ರಮ್ಮಾ ಇದು? ಹಲಗೆ ಕೊಡದಿದ್ರೆ ಅವನ ಕಾಲು ಹೊರಗೆ ಕಾಣುತ್ತೆ."

"ಕಾಣ್ಲಿ," ಎಂದಳು ಚಿಕ್ಕವಳು.

ಪೆಟ್ಟಿಗೆ ಗೇಟು ದಾಟಿತು. ಗೇಣು ಸಾಲದ ಮುಚ್ಚಳದ ಆಚೆ ಎರಡು ಪಾದಗಳು ಬಿಳಿಚಿದ ಬೆರಳುಗಳನ್ನು ಮೇಲೆತ್ತಿಕೊಂಡು ಹೋದವು. ಅಂಗಳದಲ್ಲಿ ಅಕ್ಕತಂಗಿ ಹಲಗೆಯ ಒಂದೊಂದು ತುದಿ ಹಿಡಿದು ನಿಂತಿದ್ದರು, ಅಲ್ಲಾಡಿಸದೆ.